ಗುರುತಿದ್ದವರ ಮುಂದೆ ಮೈಕು

ಓಪನ್ ಮೈಕಿಗೆ ಈಚಿನ ವರ್ಷಗಳಲ್ಲಿ ಬಂದಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಯಾರು ಬೇಕಾದರೂ ಹೆಸರು ಕೊಡಬಹುದು, ಆಯ್ಕೆ ಸಮಿತಿ ಇಲ್ಲ, ಹಿರಿಯರ ಶಿಫಾರಸು ಬೇಡ, ಆದ್ದರಿಂದ ಇದು ಮುಕ್ತ, ಇದು ಹೊಸದು ಎಂದು ಹೊಗಳುವವರು ವಾದಿಸುತ್ತಾರೆ. ಬೆಂಗಳೂರಿನ ಕೆಫೆಗಳಲ್ಲಿ, ಅಟ್ಟ ಗಲಾಟದಂಥ ಪುಸ್ತಕದಂಗಡಿಗಳಲ್ಲಿ ಕಳೆದ ಸಂಜೆಗಳಿಂದ ಹುಟ್ಟಿದ ವಾದ ಇದು. ಅಲ್ಲಿ ಕವಿತೆ ಓದಿದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ, ಹಾವೇರಿಯಲ್ಲೋ ರಾಣೇಬೆನ್ನೂರಿನಲ್ಲೋ ಬ್ಯಾಡಗಿಯಲ್ಲೋ ಇಂಥದ್ದೊಂದು ಶುರುವಾಗಬೇಕು ಎನ್ನುತ್ತಾರೆ. ಅಂಥದ್ದು ಅಲ್ಲಿ ಮೊದಲಿನಿಂದಲೂ ಇದೆ. ಊರಲ್ಲಿ ಅದಕ್ಕೆ ಕವಿಗೋಷ್ಠಿ ಎಂದು ಹೆಸರು.

ರಾಜ್ಯೋತ್ಸವಕ್ಕೊಂದು, ಯುಗಾದಿಗೊಂದು, ಬಸವ ಜಯಂತಿಗೊಂದು, ತಾಲ್ಲೂಕು ಸಮ್ಮೇಳನಕ್ಕೊಂದು ಕವಿಗೋಷ್ಠಿ ನಡೆಯುತ್ತದೆ. ಇವುಗಳಲ್ಲಿ ಓದಲು ಬೇಕಾದ ಅರ್ಹತೆ ಬಹುಮಟ್ಟಿಗೆ ಒಂದೇ: ಹೆಸರು ಕೊಟ್ಟಿರಬೇಕು. ಆಹ್ವಾನ ಪತ್ರಿಕೆಯಲ್ಲಿ ಮೂವತ್ತು ಕವಿಗಳ ಹೆಸರಿದ್ದರೆ ವೇದಿಕೆಗೆ ನಲವತ್ತು ಮಂದಿ ಬಂದಿರುತ್ತಾರೆ, ಸಂಘಟಕರು ಯಾರನ್ನೂ ಇಲ್ಲವೆನ್ನುವುದಿಲ್ಲ. ಮುಕ್ತತೆಯೇ ಗುಣವಾಗಿದ್ದರೆ ಕನ್ನಡದ ಸಣ್ಣ ಊರುಗಳ ಕವಿಗೋಷ್ಠಿ ಜಗತ್ತಿನ ಶ್ರೇಷ್ಠ ಕಾವ್ಯಸಂಸ್ಥೆ ಆಗಬೇಕಿತ್ತು. ಆಗಿಲ್ಲವೆಂದು ಎಲ್ಲರಿಗೂ ಗೊತ್ತು. ಏಕೆ ಆಗಿಲ್ಲ ಎಂದು ಕೇಳಿದವರು ಕಡಿಮೆ.

ಕೇಳದಿರಲು ಕಾರಣ, ವಿಮರ್ಶಕರು ಇದನ್ನು ಮುಟ್ಟಲೂ ನಾಚುತ್ತಾರೆ. ಕವಿಗೋಷ್ಠಿಯನ್ನು ನಗೆಚಾಟಿಕೆಗೆ ವಸ್ತು ಮಾಡಿಕೊಂಡು ಮುಂದೆ ಹೋಗುವುದು ನಮ್ಮ ಸಾಹಿತ್ಯಲೋಕದ ಹಳೆಯ ಚಾಳಿ. ಶಾಲು, ಹಾರ, ಪ್ರಮಾಣಪತ್ರ, ತಮ್ಮ ಕವಿತೆ ಓದಿ ಮುಗಿದೊಡನೆ ಬಸ್ಸಿಗೆ ಓಡುವ ಕವಿ, ಇವುಗಳ ಮೇಲೆ ಬರೆದ ಹನಿಗವನಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹಳಷ್ಟನ್ನು ಕವಿಗೋಷ್ಠಿಯಲ್ಲೇ ಓದಿದ್ದಾರೆ ಎನ್ನುವುದು ಬೇರೆ ಮಾತು. ಹೀಗೆ ಒಂದು ಕಡೆ ಓಪನ್ ಮೈಕನ್ನು ತಲೆ ಮೇಲೆ ಹೊತ್ತವರು, ಇನ್ನೊಂದು ಕಡೆ ಕವಿಗೋಷ್ಠಿಯನ್ನು ಕಾಲಲ್ಲಿ ಒದ್ದವರು. ಎರಡೂ ಒಂದೇ ಪದಾರ್ಥ, ಎರಡಕ್ಕೂ ಒಂದೇ ರೋಗ ಎಂಬುದು ಇಬ್ಬರ ಕಣ್ಣಿಗೂ ಬಿದ್ದಿಲ್ಲ.

ರೋಗ ಇರುವುದು ಕೇಳುವವರ ಕಡೆ. ಇಂದಿನ ಈ ಎರಡೂ ವೇದಿಕೆಗಳಲ್ಲಿ ಕೇಳುವವನಿಗೆ ಚಪ್ಪಾಳೆ ತಟ್ಟುವುದರ ಹೊರತು ಮಾಡಲು ಏನೂ ಇಲ್ಲ. ಇದು ಮೊದಲಿನಿಂದ ಹೀಗಿರಲಿಲ್ಲ. ಓಪನ್ ಮೈಕಿನ ಹತ್ತಿರದ ಸಂಬಂಧಿಯಾದ ಪೊಯೆಟ್ರಿ ಸ್ಲ್ಯಾಮನ್ನು 1980ರ ದಶಕದ ನಡುಭಾಗದಲ್ಲಿ ಷಿಕಾಗೋದಲ್ಲಿ ಶುರು ಮಾಡಿದ ಮಾರ್ಕ್ ಸ್ಮಿತ್ ಕಟ್ಟಡ ಕೆಲಸ ಮಾಡುತ್ತಿದ್ದ ಮನುಷ್ಯ. ಕವಿಗಳು ಕವಿಗಳಿಗೇ ಗೊಣಗುತ್ತ ಓದುವುದು ಅವನಿಗೆ ಸಾಕಾಗಿತ್ತು. ಗ್ರೀನ್ ಮಿಲ್ ಎಂಬ ಜಾಝ್ ಕ್ಲಬ್ಬಿನಲ್ಲಿ ಅವನ ಸ್ಲ್ಯಾಮ್ ನೆಲೆಯೂರಿತು. ಕೇಳಲು ಬಂದವರಲ್ಲೇ ಐವರನ್ನು ಆರಿಸಿ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಸುವುದು, ಮೂರು ನಿಮಿಷ ಮೀರಿದರೆ ಅಂಕ ಕಳೆಯುವುದು, ಹಿಡಿಸದಿದ್ದರೆ ಕೂಗಿ ಹೇಳುವುದು ಈ ಆಟದ ನಿಯಮಗಳಾದವು. ಅಂಕ ಹಾಕಿ ಕವಿತೆ ಅಳೆಯುವುದು ಒರಟು ಕೆಲಸ ನಿಜ. ಆದರೆ ಕೇಳುವವನ ಕೈಗೆ ಒಂದು ಕೆಲಸ ಕೊಡಬೇಕು ಎಂಬ ಸ್ಮಿತ್‌ನ ತಿಳಿವಳಿಕೆ ಸರಿಯಾಗಿತ್ತು. ನಮ್ಮಲ್ಲಿಗೆ ಬರುವಾಗ ಕೂಗಾಟ ಬಿಟ್ಟು ಹೋಯಿತು, ಮೂರು ನಿಮಿಷದ ಗಡುವು ಮಾತ್ರ ಬಂತು.

ತವರೂರಿನ ವೇದಿಕೆಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಓಪನ್ ಮೈಕ್ ಬೆಳೆದದ್ದು ಅಪರಿಚಿತರ ನಡುವೆ. ಕೋರಮಂಗಲದಲ್ಲಿ ಒಬ್ಬ ಹುಡುಗಿ ತನ್ನ ಅಪ್ಪನ ಕುಡಿತದ ಬಗ್ಗೆ, ಒಬ್ಬ ಹುಡುಗ ತನ್ನ ಮುರಿದ ಮದುವೆಯ ಬಗ್ಗೆ ಎದೆ ಬಿಚ್ಚಿ ಓದಬಹುದು, ಏಕೆಂದರೆ ಎದುರು ಕೂತ ನಲವತ್ತು ಮಂದಿಗೆ ಆ ಅಪ್ಪ ಗೊತ್ತಿಲ್ಲ, ಆ ಹೆಂಡತಿಯೂ ಗೊತ್ತಿಲ್ಲ. ತಪ್ಪೊಪ್ಪಿಗೆಯ ಧಾಟಿಯ ಕವಿತೆಗೆ ಅಪರಿಚಿತರು ಬೇಕೇ ಬೇಕು. ಬ್ಯಾಡಗಿಯಲ್ಲಿ ಅದನ್ನು ಓದಿ ನೋಡಲಿ. ಮೂರನೆಯ ಸಾಲಿನಲ್ಲಿ ಅಪ್ಪನ ಗೆಳೆಯ ಕೂತಿದ್ದಾನೆ. ಪಕ್ಕದಲ್ಲಿ ಅಪ್ಪನ ಮೆಣಸಿನಕಾಯಿ ಮಾರಿಕೊಡುವ ದಲಾಲಿ ಅಂಗಡಿಯವರು. ಹಿಂದೆ ಹುಡುಗಿಗೆ ಏಳನೆಯ ಇಯತ್ತೆಯಲ್ಲಿ ಕನ್ನಡ ಕಲಿಸಿದ ಮಾಸ್ತರು. ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪ್ಯಾಟಿಗೆ ಬಂದವರ ಬಾಯಲ್ಲಿ ಆ ಕವಿತೆ ಸುದ್ದಿಯಾಗಿ ಮೋಟೆಬೆನ್ನೂರಿನ ತನಕ ಮುಟ್ಟುತ್ತದೆ. "ಹಿಂಗ ಬರದಾಳಂತಲ್ಲೋ ನಿನ್ನ ಮಗಳು" ಎಂಬ ಮಾತು ಅಪ್ಪನ ಕಿವಿಗೆ ಬೀಳಲು ಎರಡು ದಿನವೂ ಬೇಡ.

ಊರಿನ ಕವಿ ಇದನ್ನು ಬಲ್ಲ. ಅವನು ಅಮ್ಮನ ಮೇಲೆ ಬರೆಯುತ್ತಾನೆ, ಅನ್ನದಾತನ ಮೇಲೆ, ಮಳೆಯ ಮೇಲೆ, ಕನ್ನಡಾಂಬೆಯ ಮೇಲೆ, ಚುನಾವಣೆ ಹತ್ತಿರವಿದ್ದರೆ ಹೆಸರಿಲ್ಲದ ರಾಜಕಾರಣಿಯ ಮೇಲೆ ಬರೆಯುತ್ತಾನೆ. ಯಾರಿಗೂ ನೋವಾಗುವುದಿಲ್ಲ. ಇದನ್ನು ಪ್ರತಿಭೆಯ ಕೊರತೆ ಎಂದು ಬಗೆಯುವ ವಿಮರ್ಶಕರು ಊರಲ್ಲಿ ಬದುಕಿ ಬರೆದವರಲ್ಲ. ಗುರುತಿದ್ದವರ ಮುಂದೆ ನಿಂತು ನಿಜ ಹೇಳುವುದು ಒಂದು ತಂತ್ರದ ಸಮಸ್ಯೆ. ಆ ತಂತ್ರ ಇಂದಿನ ಕವಿಗೆ ಗೊತ್ತಿಲ್ಲ. ತಮಾಷೆ ಏನೆಂದರೆ ಅದನ್ನು ಕಂಡುಹಿಡಿದು ಪಳಗಿಸಿದವರು ಇದೇ ಹಾವೇರಿ ಜಿಲ್ಲೆಯವರು.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ದೊಡ್ಡರಂಗೇಗೌಡರು ಅಧ್ಯಕ್ಷರು. ಮುಖ್ಯ ವೇದಿಕೆಗೆ ಕನಕ, ಶರೀಫ, ಸರ್ವಜ್ಞ ಈ ಮೂವರ ಹೆಸರು. ಇನ್ನೊಂದು ವೇದಿಕೆಗೆ ಪಾಪು ಮತ್ತು ಚಂಪಾ, ಅಂದರೆ ಕುರಬಗೊಂಡದ ಪಾಟೀಲ ಪುಟ್ಟಪ್ಪ ಮತ್ತು ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ. ಇಬ್ಬರೂ ಮೈಕು ಸಿಕ್ಕರೆ ಬಿಡದವರು. ಪಾಪು 2020ರಲ್ಲಿ, ಚಂಪಾ 2022ರ ಜನವರಿಯಲ್ಲಿ ತೀರಿಕೊಂಡಿದ್ದರಿಂದ ಜಿಲ್ಲೆಗೆ ಬಂದ ಈ ದೊಡ್ಡ ಸಮ್ಮೇಳನ ಅವರಿಬ್ಬರ ಗದ್ದಲವಿಲ್ಲದೆ ಮುಗಿಯಿತು. ಗದ್ದಲ ಬೇರೆ ಕಡೆಯಿಂದ ಬಂತು. ಗೋಷ್ಠಿಗಳಲ್ಲಿ ಮುಸ್ಲಿಂ ಬರಹಗಾರರಿಗೆ ತಕ್ಕ ಜಾಗ ಸಿಕ್ಕಿಲ್ಲವೆಂದು ಪ್ರತಿಭಟಿಸಿದವರು ಜನವರಿ 8ರಂದೇ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಸಿದರು. ಶರೀಫರ ಹೆಸರಿನ ವೇದಿಕೆ ಎಬ್ಬಿಸಿ ಹೀಗೆ ಮಾಡಿದ್ದು ಸಂಘಟಕರ ಅವಿವೇಕ. ಅದನ್ನು ಹೇಳಿದವರು ಸರಿಯಾಗಿಯೇ ಹೇಳಿದರು. ಆದರೆ ಎರಡೂ ಕಡೆಯವರ ಜಗಳ ಯಾರು ವೇದಿಕೆ ಹತ್ತಬೇಕು ಎಂಬುದರ ಸುತ್ತಲೇ ಸುತ್ತಿತು. ಹತ್ತಿದ ಮೇಲೆ ಏನಾಗುತ್ತದೆ, ಕೆಳಗೆ ಕೂತವರು ಏನು ಮಾಡುತ್ತಾರೆ ಎಂಬ ಪ್ರಶ್ನೆ ಹಾವೇರಿಯಲ್ಲೂ ಏಳಲಿಲ್ಲ, ಬೆಂಗಳೂರಿನಲ್ಲೂ ಏಳಲಿಲ್ಲ. ಮುಖ್ಯ ವೇದಿಕೆಯ ಫಲಕದ ಮೇಲಿದ್ದ ಮೂವರೂ ಆಹ್ವಾನ ಪತ್ರಿಕೆ ಇಲ್ಲದೆ ಹಾಡಿದವರು, ಈ ಪ್ರಶ್ನೆಗೆ ಅವರ ಉತ್ತರ ಅವರ ಪದಗಳ ಕೊನೆಯ ಸಾಲಿನಲ್ಲೇ ಇದೆ.

ಕೊನೆಯ ಸಾಲು ಎಂದರೆ ಅಂಕಿತ. ಪಠ್ಯಪುಸ್ತಕಗಳು ಅಂಕಿತವನ್ನು ಕವಿಯ ಸಹಿ ಎಂದು ಹೇಳಿಕೊಟ್ಟು ಕೈತೊಳೆದುಕೊಂಡಿವೆ. ಸಹಿ ಎಂದೊಡನೆ ಅದು ಪದದ ಹೊರಗಿನದ್ದಾಗುತ್ತದೆ, ಚೆಕ್ಕಿನ ಕೆಳಗೆ ಗೀಚಿದ ಹಾಗೆ. ಹಾಡುವ ಜಾಗದಲ್ಲಿ ನಿಂತು ಕೇಳಿದರೆ ಅಂಕಿತ ಮಾಡುವ ಕೆಲಸ ಬೇರೆಯೇ ಆಗಿ ಕಾಣುತ್ತದೆ.

ಕೋಳಿಯೊಂದು ಕೋಡಗವನ್ನು ನುಂಗುವ ಶರೀಫರ ಪದ ಎಲ್ಲರಿಗೂ ಗೊತ್ತು. ಬೆಡಗಿನ ಪದ, ತಿರುಗುಮುರುಗಿನ ಪದ, ಅನುಭಾವದ ಪದ ಎಂದು ಅದರ ಮೇಲೆ ಬರೆದವರು ಬಹಳ. ಕೋಳಿ ಎಂದರೆ ಜೀವವೋ ಕೋಡಗ ಎಂದರೆ ಮನಸ್ಸೋ ಎಂದು ಕೀಲಿಕೈ ಹುಡುಕುವ ಆಟ ಇನ್ನೂ ನಿಂತಿಲ್ಲ. ಆ ಆಟ ಬಿಟ್ಟು ಪದದ ಕಟ್ಟನ್ನು ನೋಡಬೇಕು. ಪ್ರಚಲಿತ ಪಾಠದಲ್ಲಿ ಪ್ರತಿ ನುಡಿಯೂ ಒಂದೇ ಅಚ್ಚಿನಲ್ಲಿದೆ. ಮೊದಲು ಎರಡು ನುಂಗಾಟ, ಅವು ವಸ್ತುಗಳ, ಪ್ರಾಣಿಗಳ ನಡುವೆ ನಡೆಯುವಂಥವು. ಮೂರನೆಯ ಸಲ ನುಂಗಿಸಿಕೊಳ್ಳುವುದು ಮನುಷ್ಯ. ಆ ಮನುಷ್ಯ ಯಾರೋ ಒಬ್ಬನಲ್ಲ, ಕೆಲಸಕ್ಕೆ ಬಂದವನು. ಕುಣಿಯಲು ಬಂದ ಪಾತರದವಳನ್ನು ಮದ್ದಲೆ ನುಂಗುತ್ತದೆ. ಮಗ್ಗದಲ್ಲಿ ಕೂತ ನೇಕಾರನನ್ನು ಅವನು ಕಾಲಿಳಿಬಿಟ್ಟ ಕುಣಿಯೇ ನುಂಗುತ್ತದೆ. ಹೊಲದವನನ್ನು ಅವನು ಹಿಡಿದ ಮೇಳಿ ನುಂಗುತ್ತದೆ. ಕುಟ್ಟಲು ಬಂದ ಮುದುಕಿಯ ಪಾಲಿಗೆ ಮಾತ್ರ ನೊಣ ಬರುತ್ತದೆ. ಒನಕೆ ಹಿಡಿದವಳಿಗೆ ಒನಕೆಯೇ ಬರಬಹುದಿತ್ತು, ಆದರೆ ಒಳ್ಳು ಆಗಲೇ ಅದನ್ನು ನುಂಗಿಯಾಗಿದೆ. ಶರೀಫರಿಗೆ ಲೆಕ್ಕ ಎಷ್ಟು ಪಕ್ಕಾ ಇತ್ತು ಎನ್ನುವುದಕ್ಕೆ ಇದೊಂದು ಸಾಕ್ಷಿ.

ಮದ್ದಲೆಯ ಆ ಸಾಲು ಮೊದಲ ನುಡಿಯಲ್ಲೇ ಇರುವುದನ್ನು ಗಮನಿಸಬೇಕು. ಪದದಲ್ಲಿ ಮೊದಲು ಕಾಣೆಯಾಗುವ ಮನುಷ್ಯಜೀವಿ ಪ್ರದರ್ಶನಕ್ಕೆ ಬಂದವಳು. ಕುಣಿತವನ್ನು ಎತ್ತಿ ಹಿಡಿಯಬೇಕಾದ ವಾದ್ಯವೇ ಕುಣಿಯುವವಳನ್ನು ತಿನ್ನುತ್ತದೆ. ಹಾಗಾದರೆ ಈ ಪದವನ್ನು ಹಾಡುತ್ತಿರುವವನ ಗತಿ ಏನು ಎಂಬ ಪ್ರಶ್ನೆ ಅಲ್ಲಿಂದಲೇ ಕೇಳುವವನ ಮನಸ್ಸಿನಲ್ಲಿ ಕೂರುತ್ತದೆ. ಉತ್ತರ ಕೊನೆಯ ನುಡಿಯಲ್ಲಿ ಬರುತ್ತದೆ: ಗುಡ್ಡ ಗವಿಯನ್ನು, ಗವಿ ಇರುವೆಯನ್ನು ನುಂಗಿದ ಮೇಲೆ ಗುರು ಗೋವಿಂದರ ಪಾದ ಹಾಡುವವನನ್ನೇ ನುಂಗುತ್ತದೆ. ಗುರುವಿನ ಹೆಸರು ಬರಬೇಕಾದ ಜಾಗ, ಪದ ಮುಗಿಯಬೇಕಾದ ಜಾಗ, ಹಾಡುವವ ಇಲ್ಲವಾಗಬೇಕಾದ ಜಾಗ ಮೂರೂ ಒಂದೇ ಸಾಲಿನಲ್ಲಿ ಕೂಡಿವೆ. ಮುಕ್ತಾಯಕ್ಕೆ ಅಂಟಿಸಿದ ಸಹಿಯಾಗಿದ್ದರೆ ಅದನ್ನು ಕಿತ್ತರೂ ಪದ ನಿಲ್ಲಬೇಕಿತ್ತು. ಇಲ್ಲಿ ಅದನ್ನು ಕಿತ್ತರೆ ಉಳಿಯುವುದು ಬರೀ ಒಗಟಿನ ಪಟ್ಟಿ.

ಇಷ್ಟೂ ನುಂಗಾಟವನ್ನು ನೋಡೆಂದು ಕರೆಯುವುದು ಒಬ್ಬ ತಂಗಿಯನ್ನು. ಬೆಂಗಳೂರಿನ ಸಭಾಂಗಣದಲ್ಲಿ ಈ ತಂಗಿ ಒಂದು ಅಲಂಕಾರ. ಶರೀಫರ ಊರಾದ ಶಿಶುವಿನಹಾಳದ ಕಟ್ಟೆಯ ಮೇಲೆ ಹಾಡಿದಾಗ ಕೇಳುತ್ತ ಕೂತವಳು ನಿಜಕ್ಕೂ ಯಾರದೋ ತಂಗಿ, ಬಹುಶಃ ಹಾಡುವವನ ಸೋದರಮಾವನ ಮಗಳು. ಶರೀಫರ ಪದಗಳು ಅವ್ವ, ತಂಗಿ, ಮುದುಕಿ ಎಂದು ಯಾರನ್ನೋ ಕರೆದು ಮಾತಾಡಿಸುವುದು ಊರಿನವರ ಮುಂದೆ ಹಾಡಿದವನ ರೂಢಿ. ಸೋರುವ ಮನೆಯ ಪದವನ್ನೇ ನೋಡಿ. ಮಣ್ಣಿನ ಮಾಳಿಗೆಯ ಮನೆಗಳ ಊರಲ್ಲಿ ಮಳೆಗಾಲದಲ್ಲಿ ಯಾರ ಮನೆ ಸೋರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ತನ್ನ ಮನೆ ಸೋರುತ್ತಿದೆ ಎಂದು ಒಬ್ಬ ಹಾಡಿದರೆ ಅದು ಅವನ ಬಡತನದ ತಪ್ಪೊಪ್ಪಿಗೆ, ಅವನ ದೇಹದ ಅಳಲು, ಎದುರು ಕೂತವನ ಮನೆಯ ವರದಿ ಎಲ್ಲವೂ ಹೌದು. ಕೊನೆಗೆ ಅಂಕಿತ ಬಂದೊಡನೆ ಯಾರ ಮೇಲೂ ಬೆರಳು ಮಾಡುವಂತಿಲ್ಲ, ಅಷ್ಟರಲ್ಲಿ ಎಲ್ಲರ ಮನೆಯೂ ಸೋರಿಯಾಗಿರುತ್ತದೆ. ಬ್ಯಾಡಗಿಯ ಆ ಹುಡುಗಿಗೆ ಬೇಕಾದ ತಂತ್ರ ಇದು.

ಶರೀಫರ ಎಷ್ಟೋ ಪದಗಳಲ್ಲಿ ಅಂಕಿತ ಶಿಶುನಾಳಧೀಶ. ಅಂದರೆ ಊರಿನ ಹೆಸರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಇಮಾಮ ಸಾಹೇಬರ ಈ ಮಗ, ಕಳಸದ ಬ್ರಾಹ್ಮಣ ಗೋವಿಂದ ಭಟ್ಟರ ಶಿಷ್ಯ, ಮೊಹರಂ ಪದಗಳನ್ನೂ ಕಟ್ಟಿದ ಕವಿ, ಆ ಹಾಡುಗಳ ಬಾಗಿಲಿಗೆ ಊರಿನ ದೇವರ ಹೆಸರು ಕಟ್ಟಿದ. ಜಿಲ್ಲೆಯ ಉಳಿದವರನ್ನು ನೋಡಿದರೆ ಇದೊಂದು ಪರಂಪರೆ ಎಂದು ಗೊತ್ತಾಗುತ್ತದೆ. ಶಿಗ್ಗಾವಿ ಸೀಮೆಯ ಬಾಡದ ಕನಕದಾಸರ ಅಂಕಿತದಲ್ಲಿ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಇದೆ. ರಾಣೇಬೆನ್ನೂರಿನಲ್ಲಿ ಹುಟ್ಟಿದ ಗಿರಿಯಮ್ಮನ ಅಂಕಿತದಲ್ಲಿ ಹೆಳವನಕಟ್ಟೆ ಇದೆ, ಅದು ಆಕೆ ಮದುವೆಯಾಗಿ ಹೋದ ಮಲೇಬೆನ್ನೂರಿನ ಸೀಮೆಯದು. ಕನಕ ಉಡುಪಿಯಲ್ಲಿ ನಿಂತು ಹಾಡಿದರೂ ಕೊನೆಗೆ ಕಾಗಿನೆಲೆ ಎನ್ನಬೇಕು. ಪರಸ್ಥಳದಲ್ಲಿ ಅದು ವಿಳಾಸ ಹೇಳಿದಂತೆ. ಕಾಗಿನೆಲೆಯಲ್ಲೇ ಹಾಡಿದಾಗ ಅದು ಪಕ್ಕದ ಓಣಿಯ ಗುಡಿ. ಪರಿಚಯಕ್ಕೆ ಬೇಕಿಲ್ಲದ ಆ ಹೆಸರು ಅಲ್ಲಿ ಪದವನ್ನು ಊರಿನ ವಶಕ್ಕೆ ಒಪ್ಪಿಸುತ್ತದೆ. ನಾಳೆ ಇನ್ನೊಬ್ಬ ಅದನ್ನು ಹಾಡಿದರೆ ಅಪ್ಪಣೆ ಕೇಳಬೇಕಿಲ್ಲ, ಒಂದು ನುಡಿ ಸೇರಿಸಿದರೂ ಕೇಳಬೇಕಿಲ್ಲ.

ಈ ಸೇರಿಸುವಿಕೆಯೇ ಸಂಪಾದಕರ ತಲೆನೋವು. ಶರೀಫರ ಅಂಕಿತವಿರುವ ಪದಗಳಲ್ಲಿ ಯಾವುದು ಅವರದು, ಯಾವುದು ಆಮೇಲೆ ಬಂದ ಭಜನೆಯವರದು ಎಂದು ಜರಡಿ ಹಿಡಿಯುವ ಕೆಲಸ ನಡೆದೇ ಇದೆ. ಗ್ರಂಥ ಸಂಪಾದನೆಗೆ ಅದು ಬೇಕು, ಒಪ್ಪೋಣ. ಆದರೆ ಆ ಕೆಲಸ ಮಾಡುವವರು ಬೇರೆಯವರು ಸೇರಿಸಿದ ಪದಗಳನ್ನು ಕಳಪೆ ಮಾಲು ಎಂದು ಕರೆಯುವಾಗ ತಮ್ಮ ವಿಷಯವನ್ನೇ ಕಳೆದುಕೊಳ್ಳುತ್ತಾರೆ. ಒಬ್ಬ ಕವಿಯ ಹೆಸರಿನಲ್ಲಿ ಊರವರು ತಮ್ಮ ಮಾತು ಸೇರಿಸಿದ್ದಾರೆ ಎಂದರೆ ಅವರು ಬರೀ ಚಪ್ಪಾಳೆ ತಟ್ಟಿ ಮನೆಗೆ ಹೋದವರಲ್ಲ. ಇಂದಿನ ಯಾವ ಕವಿಗೋಷ್ಠಿಯ ಕವಿತೆಗೆ ಕೇಳುಗರಿಂದ ಒಂದು ಸಾಲು ಸೇರಿದೆ?

ಅಂಕಿತದ ಮಾತಿನಲ್ಲಿ ಇನ್ನಿಬ್ಬರು ಬೇರೆ ದಾರಿ ಹಿಡಿದವರು. ತುಂಗಭದ್ರೆಯ ದಂಡೆಯ ಚೌಡದಾನಪುರದ ಕಡೆಯವನೆಂದು ನಂಬಿಕೆಯಿರುವ ಅಂಬಿಗರ ಚೌಡಯ್ಯ ದೇವರ ಹೆಸರನ್ನೇ ಅಂಕಿತವಾಗಿ ತರುವುದಿಲ್ಲ. ತನ್ನ ಕಸುಬು, ತನ್ನ ಹೆಸರು, ಅಷ್ಟೇ. ವಚನಕಾರರಲ್ಲಿ ಇಷ್ಟು ಕಟುವಾಗಿ ಬೈದವನು ಇನ್ನೊಬ್ಬನಿಲ್ಲ, ಅವನ ಅಂಕಿತಕ್ಕೆ ಅಡ್ಡ ಹಿಡಿಯಲು ದೇವರೂ ಇಲ್ಲ. ಹಾಗಾದರೆ ಗುರುತಿದ್ದವರ ಮುಂದೆ ಅವನು ಹೇಗೆ ಬಚಾವಾದ? ಅನೇಕ ವಚನಗಳಲ್ಲಿ ಅವನು ತನ್ನನ್ನು ಬೇರೆಯವನ ಹಾಗೆ ಕಂಡು, ಹೀಗೆಂದವನು ನಮ್ಮ ಚೌಡಯ್ಯ ಎನ್ನುವ ಧಾಟಿಯಲ್ಲಿ ಮುಗಿಸುತ್ತಾನೆ. ಬೈಗುಳ ಅವನದು, ಅದನ್ನು ವರದಿ ಮಾಡುವ ದನಿ ಊರಿನದು. ಸರ್ವಜ್ಞ ಇನ್ನೂ ಜಾಣ. ಅಬಲೂರು, ಮಾಸೂರು ಎರಡೂ ಅವನನ್ನು ತಮ್ಮವನೆನ್ನುತ್ತವೆ, ಅವನ ಅಂಕಿತದಲ್ಲಿ ಮಾತ್ರ ಊರೇ ಇಲ್ಲ. ಊರೂರು ತಿರುಗಿ ಹಾಡಿದವನಿಗೆ ಎಲ್ಲ ಕಡೆಯೂ ಅಪರಿಚಿತರೇ. ಓಪನ್ ಮೈಕಿನವರಿಗೆ ಈ ಜಿಲ್ಲೆಯಲ್ಲಿ ಪೂರ್ವಿಕ ಬೇಕಿದ್ದರೆ ಅವನೇ.

ಇದರ ಎದುರು ಕವಿಗೋಷ್ಠಿಯ ಪರಿಚಯ ಎಂಬ ವಿಧಿಯನ್ನು ಇಟ್ಟು ನೋಡಬೇಕು. ನಿರೂಪಕರು ಕವಿಯ ಹೆಸರು, ಹುದ್ದೆ, ಪ್ರಕಟವಾದ ಸಂಕಲನ, ಸಿಕ್ಕ ಪುರಸ್ಕಾರ ಎಲ್ಲವನ್ನೂ ಓದುತ್ತಾರೆ. ಕೆಳಗೆ ಕೂತವರಿಗೆ ಅವರ ಅಜ್ಜನ ಹೆಸರೂ ಗೊತ್ತಿದೆ. ಅಂಕಿತದವನು ಕೊನೆಯಲ್ಲಿ ಬಿಟ್ಟುಕೊಡುವುದನ್ನು ಇವನು ಮೊದಲೇ ಹೇರಿಕೊಂಡು ನಿಲ್ಲುತ್ತಾನೆ. ಬಾಯಿ ತೆರೆಯುವ ಮೊದಲೇ ಅವನು ಇಂಥಲ್ಲಿಯ ಶಿಕ್ಷಕ, ಇಂಥ ಬ್ಯಾಂಕಿನವನು ಆಗಿಯಾಗಿರುತ್ತದೆ. ಇನ್ನು ಶಿಕ್ಷಕ ಹೇಳಬಹುದಾದ್ದನ್ನೇ ಅವನು ಹೇಳಬೇಕು.

ಆಮೇಲೆ ಸಮಯದ ಅಭಾವ. ಮೂವತ್ತು ಮಂದಿ ಓದಬೇಕಾದಾಗ ಒಬ್ಬೊಬ್ಬರಿಗೆ ಮೂರೋ ನಾಲ್ಕೋ ನಿಮಿಷ ಸಿಗುತ್ತದೆ, ಆ ನಿಮಿಷಗಳು ಯಾವ ಕವಿತೆ ಬದುಕಬೇಕು ಎಂದು ತೀರ್ಮಾನಿಸುತ್ತವೆ. ದಿನಕರ ದೇಸಾಯಿಯವರ ಚುಟುಕ, ಡುಂಡಿರಾಜರ ಹನಿಗವನ ಈ ಮೈಕಿಗೆ ಹೇಳಿ ಮಾಡಿಸಿದವು. ಆ ಇಬ್ಬರಿಗೂ ಇದ್ದ ಭಾಷೆಯ ಹದ ಇಲ್ಲದೆ ಕೊನೆಯ ಸಾಲಿನ ಠಸ್ಸೆಯನ್ನು ಮಾತ್ರ ಕಲಿತವರು ಈಗ ಎಲ್ಲೆಲ್ಲೂ ಇದ್ದಾರೆ. ಇದೇ ರಾಣೇಬೆನ್ನೂರಿನಲ್ಲಿ 1923ರಲ್ಲಿ ಹುಟ್ಟಿದ ಸು. ರಂ. ಎಕ್ಕುಂಡಿಯವರ ಶಕ್ತಿ ಇದ್ದದ್ದು ಕಥನಕವನದಲ್ಲಿ. ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ಮಾಸ್ತರಿಕೆ ಮಾಡುತ್ತ ಬರೆದವರು ಅವರು. 'ಬಕುಲದ ಹೂವುಗಳು' ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ಹೇಳುವ ಕವಿತೆಗಿಂತ ಹೆಚ್ಚಾಗಿ ಗಟ್ಟಿಯಾಗಿ ಓದಿಸಿಕೊಳ್ಳುವ ಪ್ರಕಾರ ಯಾವುದಿದೆ? ಆದರೆ ಎಕ್ಕುಂಡಿಯವರೇ ಇಂದು ತಮ್ಮ ಹುಟ್ಟೂರಿನ ಕವಿಗೋಷ್ಠಿಗೆ ಬಂದು ಒಂದು ಕಥನಕವನ ಶುರು ಮಾಡಿದರೆ ನಡುವೆ ಚೀಟಿ ಬರುತ್ತದೆ.

ಈಗ ಹಿಮ್ಮೇಳದ ವಿಷಯ. ಭಜನಾ ಮೇಳದಲ್ಲಿ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ಹಿಡಿದವರ ಜೊತೆ ಸುಮ್ಮನೆ ಬಂದು ಕೂತವರೂ ಪಲ್ಲವಿ ಎತ್ತಿಕೊಳ್ಳುತ್ತಾರೆ. ಗೀಗೀ ಮೇಳದಲ್ಲಿ ಹಿಮ್ಮೇಳದವರು ಸೊಲ್ಲು ಹಿಡಿಯದಿದ್ದರೆ ಮುಮ್ಮೇಳ ಮುಂದಿನ ನುಡಿಗೆ ಹೋಗುವಂತೆಯೇ ಇಲ್ಲ. ಹರದೇಶಿ-ನಾಗೇಶಿಯಲ್ಲಿ ಒಂದು ಮೇಳದ ಸವಾಲಿಗೆ ಇನ್ನೊಂದು ಮೇಳ ಅಲ್ಲೇ ಜವಾಬು ಕಟ್ಟಬೇಕು. ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಎಂದು ಕೂಗಿದರೆ ನಟ ಸತ್ತವನಾಗಿದ್ದರೂ ಎದ್ದು ಹಾಡಬೇಕಿತ್ತು. ಜಾತ್ರೆಯ ನಾಟಕದಲ್ಲಿ ಪಾತ್ರದ ನಡುವೆಯೇ ಊರವರು ಆಯೇರಿ ಮಾಡುತ್ತಾರೆ. ಶಿಷ್ಟರಿಗೆ ಅದು ರಸಭಂಗ ಎನಿಸಬಹುದು, ಆದರೆ ನೋಡುವವನಿಗೆ ನಾಟಕದೊಳಗೆ ಒಂದು ಪಾತ್ರ ಸಿಗುವುದು ಆ ಭಂಗದಿಂದಲೇ. ಕವಿಗೋಷ್ಠಿಯ ಕವಿಯನ್ನು ಇನ್ನೊಮ್ಮೆ ಓದೆಂದು ಕೇಳಿದವರನ್ನು ಯಾರಾದರೂ ಕಂಡಿದ್ದಾರೆಯೇ?

ಶರೀಫರನ್ನು ನಾಡಿಗೆಲ್ಲ ಮುಟ್ಟಿಸಿದ ಕೀರ್ತಿ ಸಿ. ಅಶ್ವಥ್ ಅವರ ಕ್ಯಾಸೆಟ್ಟುಗಳಿಗೆ, 1990ರಲ್ಲಿ ಬಂದ ಟಿ. ಎಸ್. ನಾಗಾಭರಣರ ಸಿನಿಮಾಕ್ಕೆ ಸಲ್ಲುತ್ತದೆ. ಈ ಕೀರ್ತಿಯನ್ನು ಅಲ್ಲಗಳೆಯುವಂತಿಲ್ಲ. ಮೈಸೂರಿನವನೂ ಮಂಗಳೂರಿನವನೂ ಇವತ್ತು ಈ ಪದಗಳನ್ನು ಗುನುಗುವುದು ಅಶ್ವಥ್‌ರ ಕಂಚಿನ ಕಂಠದಿಂದ, ಅವರ ಕಛೇರಿಗಳಲ್ಲಿ ಜನ ದನಿಗೂಡಿಸಿದ್ದೂ ನಿಜ. ಆದರೆ ಧ್ವನಿಮುದ್ರಣದಲ್ಲಿ ಹಿಮ್ಮೇಳ ಸ್ಟುಡಿಯೊದೊಳಗೇ ಕೂತಿದೆ, ಕೇಳುವವನು ಹೊರಗಿದ್ದಾನೆ. ಒಂದು ಪಾಠ ಕಾಯಂ ಆಯಿತು, ಒಂದು ಧಾಟಿ ಕಾಯಂ ಆಯಿತು. ಈಗ ಹಾವೇರಿ ಜಿಲ್ಲೆಯ ಶಾಲಾ ಮಕ್ಕಳೂ ಪ್ರತಿಭಾ ಕಾರಂಜಿಯಲ್ಲಿ ಶರೀಫರನ್ನು ಅಶ್ವಥ್‌ರಂತೆ ಹಾಡುತ್ತಾರೆ. ಸೋಲೊ ಗಾಯನಕ್ಕೆ ಬಹುಮಾನ ಸಿಗುತ್ತದೆ, ಹಿಂದಿನ ಬೆಂಚಿನ ಹುಡುಗ ಪಲ್ಲವಿ ಎತ್ತಿಕೊಂಡರೆ ಮಾಸ್ತರು ಗದರುತ್ತಾರೆ.

ಭಾವಗೀತೆಯವರ ಮೇಲೆ ಹರಿಹಾಯ್ದ ನವ್ಯದ ವಿಮರ್ಶಕರು ಇದಕ್ಕಿಂತ ಉತ್ತಮವಾದದ್ದೇನೂ ಕೊಡಲಿಲ್ಲ. ಕವಿತೆ ಕಣ್ಣಿನಲ್ಲಿ ಓದುವಂಥದ್ದು, ರಾಗಕ್ಕೆ ಹಾಕಿದರೆ ಅರ್ಥ ಕೆಡುತ್ತದೆ, ಸಭೆಯ ಚಪ್ಪಾಳೆ ಕಾವ್ಯದ ಅಳತೆಯಲ್ಲ ಎಂದು ಅವರು ಮೂರು ದಶಕ ಪಾಠ ಹೇಳಿದರು. ಅದೇ ಉಸಿರಿನಲ್ಲಿ ಅಡಿಗರ ಹಿರಿಮೆ ಮಾತಿನ ಲಯದಲ್ಲಿದೆ ಎಂದೂ ಹೇಳಿದರು. ಮಾತಿನ ಲಯವನ್ನು ಕಿವಿ ಇಲ್ಲದೆ ಹೇಗೆ ಹಿಡಿದರೋ ಅವರಿಗೇ ಗೊತ್ತು. 1929ರ ಬೆಳಗಾವಿ ಸಮ್ಮೇಳನದಲ್ಲಿ ಬೇಂದ್ರೆ ಹಾರುವ ಹಕ್ಕಿಯ ಪದ್ಯ ಹೇಳಿ ಸಭೆಯನ್ನು ಗೆದ್ದ ಸಂಗತಿಯನ್ನು ಇವರು ಒಂದು ದಂತಕಥೆಯ ಹಾಗೆ ಹೇಳಿ ಬಿಟ್ಟರು. ಆ ಸಭೆ ಏನನ್ನು ಹೇಗೆ ಕೇಳಿಸಿಕೊಂಡಿತು ಎಂದು ಕೇಳುವುದು ವಿಮರ್ಶೆಯ ಕೆಲಸ ಎನಿಸಲಿಲ್ಲ. ಹೀಗಾಗಿ ವಾಚನದ ಬಗ್ಗೆ, ದನಿಯ ಬಗ್ಗೆ, ಕೇಳುಗನ ಬಗ್ಗೆ ಕನ್ನಡ ವಿಮರ್ಶೆಯಲ್ಲಿ ಪರಿಭಾಷೆಯೇ ಬೆಳೆಯಲಿಲ್ಲ. ಕವಿಗೋಷ್ಠಿ ಕೆಟ್ಟದ್ದು ಕವಿಗಳಿಂದ ಎಷ್ಟೋ, ಅದನ್ನು ಅನಾಥವಾಗಿ ಬಿಟ್ಟ ಇವರಿಂದಲೂ ಅಷ್ಟೇ.

ಕೇಳುಗನಿಗೆ ಕೆಲಸ ಕೊಡುವುದರಲ್ಲಿ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡವನ್ನು ಮೀರಿಸಿದ್ದು ಇನ್ನೊಂದಿಲ್ಲ. ದಸರೆಯ ಹೊತ್ತಿಗೆ ಅಲ್ಲಿ ಮಾಲತೇಶನ ಕಾರ್ಣಿಕ, ಅಂದರೆ ಭವಿಷ್ಯ ನುಡಿಯುವ ಆಚರಣೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ಸದ್ದಲೇ ಎಂದು ಕೂಗುತ್ತಾನೆ. ಸಾವಿರಾರು ಮಂದಿ ಬಾಯಿ ಮುಚ್ಚುತ್ತಾರೆ. ಅವನು ಒಂದೇ ಒಂದು ಮಾತು ಹೇಳಿ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಪರಿಚಯವಿಲ್ಲ, ವಂದನಾರ್ಪಣೆಯಿಲ್ಲ. ಆ ಒಂದು ಸಾಲಿನ ಮೇಲೆ ಸಂಜೆಯಿಂದಲೇ ಜಗಳ ಶುರು. ಮಳೆಯ ಬಗ್ಗೆ ಹೇಳಿದ್ದು ಎಂದು ಒಬ್ಬ, ಮೆಣಸಿನಕಾಯಿ ದರದ ಬಗ್ಗೆ ಎಂದು ಇನ್ನೊಬ್ಬ, ಸರ್ಕಾರ ಬೀಳುತ್ತದೆ ಎಂದು ಮತ್ತೊಬ್ಬ. ಪತ್ರಿಕೆಗಳು ಮರುದಿನ ಅರ್ಥ ಬರೆಯುತ್ತವೆ. ಭವಿಷ್ಯ ನಿಜವಾಗುತ್ತದೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಅದನ್ನು ನಂಬದವರೂ ಆ ಸಾಲಿನ ಮೇಲೆ ವಾದ ಹೂಡುತ್ತಾರೆ. ಒಂದೇ ಸಾಲಿನ ಪಠ್ಯದ ಮೇಲೆ ಇಷ್ಟು ಬಿಸಿಯಾದ ಚರ್ಚೆ ಯಾವ ವಿಶ್ವವಿದ್ಯಾಲಯದ ವಿಚಾರಸಂಕಿರಣದಲ್ಲೂ ನಡೆದಿರಲಾರದು.

ಇಂದಿನ ಕವಿಗೋಷ್ಠಿಯ ಪರವಾಗಿ ಹೇಳಲೇಬೇಕಾದ ಒಂದು ಮಾತಿದೆ, ಅದು ಸಣ್ಣದಲ್ಲ. ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳು ಶತಮಾನಗಳ ಕಾಲ ಬದುಕಿದ್ದು ಹೆಂಗಸರ ಹಬ್ಬ ಹರಿದಿನಗಳಲ್ಲಿ, ಮನೆಯೊಳಗೆ. ಕಟ್ಟೆಯ ಭಜನೆ ಬಹುಕಾಲ ಗಂಡಸರ ಸಾಮ್ರಾಜ್ಯ. ಜಾತಿಯ ಗೆರೆಗಳನ್ನು ಆ ಕಟ್ಟೆ ಎಲ್ಲ ಊರಲ್ಲೂ ಶರೀಫರ ಹಾಗೆ ದಾಟಲಿಲ್ಲ. ಇವತ್ತು ತಾಲ್ಲೂಕು ಕವಿಗೋಷ್ಠಿಯಲ್ಲಿ ಅಂಗನವಾಡಿ ಕಾರ್ಯಕರ್ತೆ, ಪ್ರೌಢಶಾಲೆಯ ಶಿಕ್ಷಕಿ, ಪದವಿ ಓದುವ ದಲಿತ ಹುಡುಗಿ ಒಂದೇ ಸಾಲಿನಲ್ಲಿ ಕೂತು ಸರದಿಗಾಗಿ ಕಾಯುತ್ತಾರೆ. ಬಾಗಿಲು ತೆರೆದಿದೆ, ತೆರೆದದ್ದು ಒಳ್ಳೆಯದಾಯಿತು. ಆದರೆ ಒಳಗೆ ಬಂದವರ ಕೈಗೆ ಅಮ್ಮ, ಅನ್ನದಾತ, ಕನ್ನಡಾಂಬೆಯ ಪಟ್ಟಿಯನ್ನೇ ಕೊಟ್ಟು ನಾಲ್ಕು ನಿಮಿಷ ಎಂದು ಗಡಿಯಾರ ತೋರಿಸುವುದಾದರೆ ಆ ಹುಡುಗಿಗೆ ಸಿಕ್ಕಿದ್ದು ಪ್ರಮಾಣಪತ್ರ ಒಂದೇ. ಅವಳ ಕವಿತೆಗೆ ಹಿಮ್ಮೇಳ ಇಲ್ಲ, ಜವಾಬು ಇಲ್ಲ, ತಕರಾರು ಇಲ್ಲ. "ಚಲೋ ಓದಿದಿ ಬಿಡವಾ" ಎಂದು ಎಲ್ಲರೂ ಹೇಳುತ್ತಾರೆ, ಯಾರಿಗೂ ಒಂದು ಸಾಲು ನೆನಪಿರುವುದಿಲ್ಲ.

ಇದನ್ನು ಸರಿಪಡಿಸಲು ಅನುದಾನ ಬೇಕಿಲ್ಲ. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು ಮುಂದಿನ ಯುಗಾದಿಗೆ ಪರಿಚಯ ಓದುವುದನ್ನು ನಿಲ್ಲಿಸಿ, ಮೂವತ್ತರ ಬದಲು ಆರು ಮಂದಿಯನ್ನು ಕರೆದು, ಒಬ್ಬೊಬ್ಬರ ಕವಿತೆಗೂ ಸಭೆಯಿಂದ ಒಬ್ಬ ಎದ್ದು ಜವಾಬು ಹೇಳಲೇಬೇಕೆಂಬ ನಿಯಮ ಮಾಡಬಹುದು. ಮಾಡುವುದಿಲ್ಲ. ಆರು ಮಂದಿಯನ್ನು ಕರೆದರೆ ಉಳಿದ ಇಪ್ಪತ್ತನಾಲ್ಕು ಮಂದಿ ಸಿಟ್ಟಾಗುತ್ತಾರೆ. ಅವರು ಪರಿಷತ್ತಿನ ಸದಸ್ಯರು, ಸದಸ್ಯರಿಗೆ ಮತವಿದೆ, ಚುನಾವಣೆಯಲ್ಲಿ ಆ ಮತಗಳು ಬೇಕು. ಓಪನ್ ಮೈಕಿನ ಹುಡುಗರಿಗೆ ಈ ತಾಪತ್ರಯ ಇನ್ನೂ ಅಂಟಿಲ್ಲ. ಅವರು ರಾಣೇಬೆನ್ನೂರಿಗೆ ಬರುವುದಾದರೆ ಬರಲಿ, ಬೆಂಗಳೂರಿನಿಂದ ಸ್ಪೀಕರ್ ತರಲಿ. ಬರುವ ಮೊದಲು ಒಂದು ಶ್ರಾವಣದ ರಾತ್ರಿ ಶಿಶುವಿನಹಾಳದ ಕಡೆ ಯಾವುದಾದರೂ ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಪಲ್ಲವಿ ಎತ್ತಿಕೊಳ್ಳುವುದನ್ನು ಕಲಿತು ಬರಲಿ. ತಾಳ ತಪ್ಪಿದರೆ ಪಕ್ಕದವರು ಮೊಣಕೈಯಲ್ಲಿ ತಿವಿದು ಹೇಳುತ್ತಾರೆ.